ಅವಿಭಜಿತ ದಕ್ಷಿಣ ಕನ್ನಡ ಒಂದರಲ್ಲೇ ಅಷ್ಟೊಂದು ಬ್ಯಾಂಕುಗಳು ಹುಟ್ಟಿದ್ದು ಏಕೆ?
ಬಂದರು ವ್ಯಾಪಾರದಿಂದ ಊರಲ್ಲಿ ಹಣ ಓಡಾಡುತ್ತಿತ್ತು, ಆದರೆ ಸಣ್ಣ ವ್ಯಾಪಾರಿಗೆ ಸಾಲ ಬೇಕೆಂದರೆ ದುಬಾರಿ ಬಡ್ಡಿಯ ಲೇವಾದೇವಿಯೇ ಗತಿ. ಹಾಗಾಗಿ ಊರವರೇ ದುಡ್ಡು ಕೂಡಿಸಿ ತಮ್ಮದೇ ಬ್ಯಾಂಕು ಕಟ್ಟಿಕೊಂಡರು.

1906ರಲ್ಲೇ ಎರಡು: ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್. 1924ಕ್ಕೆ ಕರ್ನಾಟಕ ಬ್ಯಾಂಕ್, 1931ಕ್ಕೆ ಎ. ಬಿ. ಶೆಟ್ಟರ ಮುಂದಾಳತ್ವದ ವಿಜಯಾ.

ನನಗೆ ಹೆಚ್ಚು ಹಿಡಿಸುವುದು 1925ರ ಸಿಂಡಿಕೇಟ್. ಟಿ. ಎಂ. ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗಾಗಿ ತೆರೆದದ್ದು. 1928ರಲ್ಲಿ ಅದರ ಪಿಗ್ಮಿ ಏಜೆಂಟರು ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ಎತ್ತತೊಡಗಿದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದವರ ಚಿಲ್ಲರೆಯೇ ಬಂಡವಾಳವಾಯಿತು.