ಕಣ್ಣು, ಕಿವಿ ಎರಡೂ ಮಂದವಾಗುತ್ತಿವೆ. ಬೆಂಗಳೂರಿನಲ್ಲಿ ಗೈಡ್ ಡಾಗ್ ಜೊತೆ ಓಡಾಡಲು ಈಗಲೇ ಕಲಿಯಲೇ?

ಅಷರ್ ಸಿಂಡ್ರೋಮ್ (ಕಣ್ಣು, ಕಿವಿ ಎರಡನ್ನೂ ಕುಗ್ಗಿಸುವ ಆನುವಂಶಿಕ ಕಾಯಿಲೆ) ಎಂದು ವೈದ್ಯರು ಹೇಳಿದ್ದಾರೆ, ಕಿವಿ ಪೂರ್ತಿ ಕೈಕೊಡುವ ಮೊದಲು ಒಂದು ಲ್ಯಾಬ್ರಡಾರ್ ಮರಿ ತಂದು ಗೈಡ್ ಡಾಗ್ ಆಗಿ, ಅಂದರೆ ದಾರಿ ತೋರಿಸುವ ನಾಯಿಯಾಗಿ, ಪಳಗಿಸಿಕೊಳ್ಳುತ್ತೇನೆ ಎಂದು ಬರೆದಿದ್ದೀರಿ. ಈ ಅವಸರ ನನಗೂ ಇತ್ತು.

ನಾನು ಮಲ್ಲೇಶ್ವರದವನು. ಕೆಲಸಕ್ಕೆಂದು ಅಮೆರಿಕದಲ್ಲಿದ್ದಾಗ ನೋಟ ಕೊಳವೆಯೊಳಗಿಂದ ಕಂಡಷ್ಟಕ್ಕೆ ಕುಗ್ಗಿತ್ತು. ಶ್ರವಣ ಸಾಧನವಂತೂ ಬಾಲ್ಯದಿಂದಲೂ ಇತ್ತು. ಗೈಡ್ ಡಾಗ್‌ಗಾಗಿ ಅಲ್ಲಿನ ಒಂದು ಶಾಲೆಗೆ ಅರ್ಜಿ ಹಾಕಿದಾಗ ಶ್ರವಣ ಪರೀಕ್ಷೆಯ ವರದಿ ಕೇಳಿದರು. ಹೊಸದಾಗಿ ಮಾಡಿಸಿದರೆ ಕಿವಿ ಇನ್ನಷ್ಟು ಮಂದವಾಗಿರುವುದು ಬಯಲಾಗುತ್ತದೆಂದು ಗೊತ್ತಿತ್ತು. ಕಡತದಲ್ಲಿದ್ದ ಹಳೆಯ ವರದಿಯನ್ನೇ ಕಳಿಸಿದೆ. ನಾಯಿ ಸಿಕ್ಕಿತು. ಹೆಸರು ರೋಸಿ.

ದಾರಿ ತೋರಿಸಲು ನಾಯಿ ಇರುವಾಗ ಕಿವಿಗೇನು ಕೆಲಸ ಎಂದು ನೀವು ಕೇಳಬಹುದು. ರಸ್ತೆ ದಾಟುವ ಕೆಲಸವೆಲ್ಲ ಕಿವಿಯದೇ. ನಾಯಿ ಸಿಗ್ನಲ್ ದೀಪ ನೋಡಿ ದಾಟಿಸುವುದಿಲ್ಲ. ಫುಟ್‌ಪಾತಿನ ಅಂಚಿಗೆ ಬಂದು ನಿಲ್ಲುತ್ತದೆ, ಅಷ್ಟೆ. ನಾವು ಹೋಗಬೇಕಾದ ದಿಕ್ಕಿನಲ್ಲೇ ಪಕ್ಕದ ವಾಹನಗಳು ಒಮ್ಮೆಗೇ ಹೊರಟ ಸದ್ದು ಕೇಳಿಸಿಕೊಂಡು, ಈಗ ಸರಿ ಎಂದು ತೀರ್ಮಾನಿಸಿ, 'ಫಾರ್ವರ್ಡ್' ಎನ್ನಬೇಕಾದವರು ನಾವು. ವಾಹನ ನುಗ್ಗಿ ಬರುವುದು ಕಂಡರೆ ಆ ಮಾತನ್ನು ಮೀರಿ ನಿಲ್ಲುವುದನ್ನೂ ನಾಯಿಗೆ ಕಲಿಸಿರುತ್ತಾರೆ, ನಿಜ. ಆದರೆ ಅದು ನಮ್ಮ ಲೆಕ್ಕ ಎಂದೋ ಒಮ್ಮೆ ತಪ್ಪಿದಾಗ ಕಾಯಲಿ ಎಂದು ಇಟ್ಟದ್ದು. ನಾನು ಲೆಕ್ಕವನ್ನೇ ಹಾಕುತ್ತಿರಲಿಲ್ಲ. ಪಕ್ಕದವರು ಹೆಜ್ಜೆ ಇಟ್ಟಂತೆ ಅನ್ನಿಸಿದರೆ 'ಫಾರ್ವರ್ಡ್' ಎನ್ನುವುದು, ರೋಸಿ ಕದಲದಿದ್ದರೆ ಸ್ವಲ್ಪ ಬಿಟ್ಟು ಮತ್ತೆ ಎನ್ನುವುದು. ನನ್ನ ಅರ್ಧ ಕೆಲಸವನ್ನು ಅದರ ತಲೆಗೆ ಕಟ್ಟಿದ್ದೆ. ಸಾಲದ್ದಕ್ಕೆ ನನ್ನ ದನಿ ನನಗೇ ನೆಟ್ಟಗೆ ಕೇಳುತ್ತಿರಲಿಲ್ಲವಾದ್ದರಿಂದ, ಮೆಚ್ಚಿ ಆಡಿದ ಮಾತೂ ಗದರಿದಂತೆ ಹೊರಡುತ್ತಿತ್ತಂತೆ. ತರಬೇತುದಾರರು ಅದನ್ನು ಹೇಳುವ ಹೊತ್ತಿಗೆ ಕಾಲ ಮಿಂಚಿತ್ತು.

ಒಂದು ಸಂಜೆ ನಾನು ಹೇಳಿದ್ದಕ್ಕೆ ರೋಸಿ ರಸ್ತೆಗೆ ಇಳಿಯಿತು. ತಿರುವಿನಿಂದ ಕಾರು ಬಂತು. ರೋಸಿ ನನ್ನ ಮೊಣಕಾಲಿಗೆ ಅಡ್ಡ ಬಿದ್ದು ಹಿಂದಕ್ಕೆ ತಳ್ಳಿತು. ಕಾರು ಹಾರ್ನೆಸ್ಸಿನ (ನಾಯಿಯ ಮೈಗೆ ತೊಡಿಸುವ ಪಟ್ಟಿಯ) ಹಿಡಿಕೆಯನ್ನು ಸವರಿಕೊಂಡು ಹೋಯಿತು. ಇಬ್ಬರಿಗೂ ಗಾಯವಾಗಲಿಲ್ಲ. ಆದರೆ ಆಮೇಲೆ ಫುಟ್‌ಪಾತಿನ ಅಂಚು ಬಂದಾಗಲೆಲ್ಲ ಹಿಡಿಕೆಯ ಮೂಲಕ ಅದರ ನಡುಕ ನನ್ನ ಅಂಗೈಗೆ ಬರುತ್ತಿತ್ತು. ನಾಯಿ ಅತ್ತಿತ್ತ ಕತ್ತು ತಿರುಗಿಸಿದರೆ ಹಿಡಿಕೆ ವಾಲುತ್ತದೆ, ನೆಲ ಮೂಸಿದರೆ ಮುಂದಕ್ಕೆ ತಗ್ಗುತ್ತದೆ. ಇದು ಅದಾವುದೂ ಅಲ್ಲ. ಮೈಯೆಲ್ಲ ನಡುಗುತ್ತಿತ್ತು, ಹೆಜ್ಜೆ ಮಾತ್ರ ಕೀಳುತ್ತಿರಲಿಲ್ಲ. ಎಷ್ಟು ರಮಿಸಿದರೂ ಆಗಲಿಲ್ಲ. ಶಾಲೆಯವರು ವಾಪಸು ಕರೆಸಿಕೊಂಡು ಕೆಲಸದಿಂದ ಬಿಡಿಸಿದರು. ಹತ್ತಿರಹತ್ತಿರ ಹತ್ತು ವರ್ಷದ ವಯಸ್ಸಿನವರೆಗೂ ದುಡಿಯಬಹುದಾಗಿದ್ದ ನಾಯಿ ಅದು.

ನಿಜ ಹೇಳಿದ್ದರೆ ಏನಾಗುತ್ತಿತ್ತು? ಮಿಶಿಗನ್‌ನ 'ಲೀಡರ್ ಡಾಗ್ಸ್' ಶಾಲೆ ಕಣ್ಣು, ಕಿವಿ ಎರಡರ ತೊಂದರೆಯೂ ಇರುವವರಿಗೆ ಕೈಸನ್ನೆ ಅರಿಯುವ ನಾಯಿಗಳನ್ನೇ ಕೊಡುತ್ತದೆ. ದೊಡ್ಡ ರಸ್ತೆ ಬಂದರೆ ಅಂಥವರು ದಾಟಿಸಿ ಎಂದು ಬರೆದ ಕಾರ್ಡು ಎತ್ತಿ ಹಿಡಿದು, ಯಾರಾದರೂ ಭುಜ ತಟ್ಟುವ ತನಕ ಕಾಯುತ್ತಾರೆ. ನಾನು ಅವಮಾನ ಎಂದುಕೊಂಡಿದ್ದು ಅಷ್ಟನ್ನೇ!

ಇನ್ನು ಬೆಂಗಳೂರಿನ ಮಾತು. ಮರಿ ತರಬೇಡಿ. ಪ್ರಶ್ನೆಯೇ ತಪ್ಪು ಜಾಗದಿಂದ ಹೊರಟಿದೆ. ಇದಕ್ಕೆಂದೇ ಸಾಕಿದ ಮರಿಗಳಲ್ಲೂ ಎಷ್ಟೋ ಮರಿಗಳನ್ನು ಆ ಶಾಲೆಗಳೇ ಆಗದು ಎಂದು ಬಿಟ್ಟುಬಿಡುತ್ತವೆ; ಇಲ್ಲಿ ಮನೆ ಕಾಯಲು ಪಳಗಿಸುವವರು ನಾಲ್ಕು ತಿಂಗಳಲ್ಲಿ ಮಾಡಿಕೊಡುತ್ತೇವೆ ಎಂದರೆ ನಂಬಬೇಡಿ. ಒಂದು ವೇಳೆ ಒಳ್ಳೆಯ ನಾಯಿ ಸಿಕ್ಕಿತೆನ್ನಿ. ನಮ್ಮ ಸಂಪಿಗೆ ರಸ್ತೆಯಲ್ಲಿ ಹೂವಿನ ಬುಟ್ಟಿ, ನಿಲ್ಲಿಸಿದ ಸ್ಕೂಟರು, ಬಾಯ್ತೆರೆದ ಕಲ್ಲುಚಪ್ಪಡಿ ತಪ್ಪಿಸಲು ಅದು ನಿಮ್ಮನ್ನು ಹೆಜ್ಜೆಗೊಮ್ಮೆ ರಸ್ತೆಗೆ ಇಳಿಸಲೇಬೇಕು. ಬೀದಿ ನಾಯಿಗಳು ಸುತ್ತುವರಿದರೆ ಬೊಗಳುವುದು ನಿಮಗೆ ಕೇಳುವುದಿಲ್ಲ. ಹಿಡಿಕೆ ಕೈಯಲ್ಲಿ ತಿರುಚಿಕೊಳ್ಳುವುದಷ್ಟೇ ಗೊತ್ತಾಗುತ್ತದೆ, ಆ ಹೊತ್ತಿಗೆ ಕಚ್ಚಾಟ ಶುರುವಾಗಿರುತ್ತದೆ. ಪ್ರಾಣಿಪ್ರಿಯರು ನನ್ನ ಮೇಲೆ ಸಿಟ್ಟಾದರೂ ಚಿಂತೆಯಿಲ್ಲ: ಇದು ನಾಯಿಗೆ ಮಾಡುವ ಅನ್ಯಾಯ.

ಈಗ ನನ್ನ ಕೈಯಲ್ಲಿರುವುದು ಕೆಂಪು ಪಟ್ಟಿಗಳ ಬಿಳಿ ಕೋಲು. ಹಲವು ದೇಶಗಳಲ್ಲಿ ಇದು ಕಣ್ಣಿನ ಜೊತೆಗೆ ಕಿವಿಯ ತೊಂದರೆಯೂ ಇದೆ ಎಂಬುದರ ಗುರುತು. ಇಲ್ಲಿ ಯಾರಿಗೂ ಅದರ ಅರ್ಥ ತಿಳಿಯದು, ಆದರೂ ಇರಲಿ. ಮೆಟ್ರೊ ನಿಲ್ದಾಣದ ಹಳದಿ ಉಬ್ಬು ಹಾಸಿನ ಮೇಲೆ ಈ ಕೋಲು ಸಾಕು. ನೀವು ಮೊದಲು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಕಿವಿಯ ಈಗಿನ ವರದಿ ಮಾಡಿಸಿ, ಹಳೆಯದನ್ನು ಹರಿದು ಹಾಕಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ) ಕಣ್ಣಿಗಷ್ಟೇ ಮಾಡಿಸಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಿವುಡು-ಕುರುಡು ಎರಡೂ ಇರುವವರನ್ನು ಬಹುವಿಧ ಅಂಗವೈಕಲ್ಯದಡಿ ಹೆಸರಿಸಿಯೇ ಸೇರಿಸಿದ್ದಾರೆ. ನೋಟ ಇರುವಾಗಲೇ ಬ್ರೈಲ್ ಕಲಿಯಿರಿ. ಮೊಬೈಲಿಗೆ ಜೋಡಿಸುವ ಬ್ರೈಲ್ ಯಂತ್ರ ದುಬಾರಿ, ಆದರೆ ನಿಮ್ಮ ಪ್ರಶ್ನೆಯನ್ನು ನಾನು ಓದಿದ್ದೇ ಅದರಲ್ಲಿ.

ರಸ್ತೆ ದಾಟಲು ಎತ್ತಿ ಹಿಡಿಯುವ ಕಾರ್ಡನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ದೊಡ್ಡಕ್ಷರದಲ್ಲಿ ಬರೆಸಿ: 'ನನಗೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ. ರಸ್ತೆ ದಾಟಿಸುವುದಾದರೆ ಭುಜ ತಟ್ಟಿ. ಕೈ ಎಳೆಯಬೇಡಿ, ನಾನೇ ನಿಮ್ಮ ತೋಳು ಹಿಡಿಯುತ್ತೇನೆ.' ಕೊನೆಯ ವಾಕ್ಯ ಬಿಡಬೇಡಿ, ನಮ್ಮ ಜನ ಅಕ್ಕರೆಯಿಂದಲೇ ದರದರ ಎಳೆದುಕೊಂಡು ಹೋಗುತ್ತಾರೆ. ಲ್ಯಾಮಿನೇಟ್ ಮಾಡಿಸಿ, ನನ್ನ ಮೊದಲ ಕಾರ್ಡು ಮಳೆಗೆ ನೆನೆದು ಮುದ್ದೆಯಾಗಿತ್ತು.