ಮಾರ್ಚ್‌ನಲ್ಲಿ ವಿಯೆನ್ನಾಗೆ ಬರುತ್ತೀರಾ? ಆ ದಪ್ಪ ಜಾಕೆಟ್ ಬಿಟ್ಟು ಬನ್ನಿ

ಮಾರ್ಚ್ ಮೂರನೇ ವಾರ ಇಲ್ಲಿ ಕೆಲಸಕ್ಕೆ ಸೇರಬೇಕು, ತಂಗಿಯೂ ಜೊತೆಗೆ ಬಂದು ಹತ್ತು ದಿನ ಊರು ನೋಡುತ್ತಾಳೆ, ಇಬ್ಬರಿಗೂ ಬೆಂಗಳೂರಲ್ಲೇ ಒಂದೊಂದು ದಪ್ಪ ಜಾಕೆಟ್ ತಗೊಂಡರೆ ಸಾಕಾ, ಫೋಟೋದಲ್ಲಿ ಮೂಟೆ ಥರ ಕಾಣಬಾರದು ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಮೂಟೆ ಥರವೇ ಕಾಣುತ್ತೀರಿ.

ನನಗೆ ಹೇಗೆ ಗೊತ್ತು ಅಂದರೆ, 11 ವರ್ಷದ ಹಿಂದೆ ನಾನೂ ಹಾಗೇ ಬಂದಿಳಿದಿದ್ದೆ. ಮೊಣಕಾಲವರೆಗಿನ ಕಪ್ಪು ಜಾಕೆಟ್. ಒಳಗೆ, ಯಾರು ನೋಡುತ್ತಾರೆ ಬಿಡು ಅಂತ, ಆಫೀಸಿನ ಯಾವುದೋ ಓಟದಲ್ಲಿ ಕೊಟ್ಟಿದ್ದ ಮಾಸಿದ ಟೀಶರ್ಟ್. ಮೊದಲ ಶನಿವಾರ ಸಹೋದ್ಯೋಗಿಗಳು ಕಾಫಿಗೆ ಕರೆದರು. ಇಲ್ಲಿನ ಕಾಫಿ ಮನೆಗಳಲ್ಲಿ ಬಾಗಿಲ ಹತ್ತಿರವೇ ಕೋಟು ನೇತುಹಾಕುವ ಸ್ಟ್ಯಾಂಡ್ ಇರುತ್ತದೆ. ಎಲ್ಲರೂ ಕೋಟು ತೆಗೆದರು. ನಾನು ತೆಗೆಯಲಿಲ್ಲ. ಎರಡು ಗಂಟೆ ಹೀಟರ್ ಪಕ್ಕ ಇಡ್ಲಿ ಪಾತ್ರೆಯಲ್ಲಿ ಕೂತ ಹಾಗೆ ಬೇಯುತ್ತಾ, 'ಚಳಿ ಸ್ವಲ್ಪ ಜಾಸ್ತಿ' ಅಂತ ನಗುತ್ತಾ ಕೂತಿದ್ದೆ.

ಹೊರಗಿನ ಚಳಿ ದೊಡ್ಡ ಸಮಸ್ಯೆಯಲ್ಲ. ಮಾರ್ಚ್‌ನಲ್ಲಿ ಬೆಳಿಗ್ಗೆ ಸುಮಾರು 2 ಡಿಗ್ರಿ, ಮಧ್ಯಾಹ್ನ 10, 11. ಕೆಲವು ದಿನ ಬಿಸಿಲು ಬಿದ್ದು ಇನ್ನೂ ಹಿತವಾಗಿರುತ್ತದೆ, ಮರುದಿನ ಹಿಮದ ಪುಡಿ ಉದುರಿದರೂ ಯಾರೂ ಆಶ್ಚರ್ಯಪಡುವುದಿಲ್ಲ. ತೊಂದರೆ ಇರುವುದು ಒಳಗೆ ಹೊರಗೆ ಓಡಾಡುವುದರಲ್ಲಿ. ಟ್ರಾಮ್ ಬೆಚ್ಚಗೆ, ಮ್ಯೂಸಿಯಂ ಬೆಚ್ಚಗೆ, ರಸ್ತೆಯಲ್ಲಿ ಗಾಳಿ. ಈ ಊರಿನ ಗಾಳಿ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ! ಸಂತ ಸ್ಟೀಫನ್ ಕ್ಯಾಥೆಡ್ರಲ್ ಒಂದನ್ನೇ ತಗೊಳ್ಳಿ. ಒಳಗೆ ಹಳೇ ಕಲ್ಲಿನ ಚಳಿ, ಎಷ್ಟೋ ಸಲ ಹೊರಗಿನ ಬಿಸಿಲಿಗಿಂತ ತಣ್ಣಗೆ. ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು, ಹತ್ತುವಾಗ ಬೆವರು. ಇಳಿದು ಚೌಕಕ್ಕೆ ಬಂದರೆ ಬೆವರಿದ ಬೆನ್ನಿಗೆ ಗಾಳಿ. ಒಂದು ಗಂಟೆಯಲ್ಲಿ ಮೂರು ಕಾಲ. ಒಂದೇ ಜಾಕೆಟ್ ಏನು ಮಾಡೀತು?

ಇದಕ್ಕೆ ಉಪಾಯ, ಬಟ್ಟೆಯನ್ನು ಪದರ ಪದರವಾಗಿ ಹಾಕುವುದು. ಅದಕ್ಕೆ ಇಲ್ಲಿಯವರು ಇಟ್ಟಿರುವ ಹೆಸರು 'ತ್ಸ್ವೀಬೆಲ್‌ಲುಕ್'. ತ್ಸ್ವೀಬೆಲ್ ಅಂದರೆ ಈರುಳ್ಳಿ. ಸಿಪ್ಪೆ ಮೇಲೆ ಸಿಪ್ಪೆ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಮಗೂ ಗೊತ್ತಿರುತ್ತದೆ. ಆದರೆ ಯಾವ ಸಿಪ್ಪೆಯ ಹತ್ತಿರ ನಿಲ್ಲಿಸಿದರೂ ಈರುಳ್ಳಿ ಈರುಳ್ಳಿಯ ಹಾಗೇ ಕಾಣುತ್ತದೆ, ಅಲ್ವಾ? ಅದೇ ಇಲ್ಲಿಯ ಗುಟ್ಟು. ಕೋಟು ತೆಗೆದಾಗ ಕಾಣುವ ಬಟ್ಟೆಯೇ ನಿಮ್ಮ ನಿಜವಾದ ಡ್ರೆಸ್. ದುಡ್ಡು, ಯೋಚನೆ ಎರಡನ್ನೂ ಅಲ್ಲಿ ಹಾಕಿ.

ಮೈಗೆ ತಾಗುವ ಪದರ ತೆಳುವಾಗಿರಲಿ, ಹತ್ತಿ ಬೇಡ. ನಮ್ಮ ಹತ್ತಿ ಬನಿಯನ್ ಬೆವರು ಹೀರಿ ಒದ್ದೆಯಾಗೇ ಉಳಿಯುತ್ತದೆ, ಆಮೇಲೆ ನಡುಗಿಸುತ್ತದೆ. ತೆಳು ಮೆರಿನೋ ಉಣ್ಣೆಯದು ಒಂದೆರಡು ಸಾಕು. ಬೆಲೆ ನೋಡಿ ಎದೆ ಧಸಕ್ ಅನ್ನಬಹುದು, ಆದರೆ ಬೇಗ ವಾಸನೆ ಬರುವುದಿಲ್ಲ, ರಾತ್ರಿ ಕಿಟಕಿ ಹತ್ತಿರ ನೇತುಹಾಕಿದರೆ ಬೆಳಿಗ್ಗೆ ಮತ್ತೆ ಹಾಕಬಹುದು. ಅದರ ಮೇಲೆ ಶರ್ಟ್, ಅದರ ಮೇಲೆ ಸ್ವೆಟರ್ ಅಥವಾ ಕಾರ್ಡಿಗನ್. ಕುರ್ತಾ ತರಬಹುದಾ ಅಂತಲೂ ಕೇಳಿದ್ದೀರಿ. ಧಾರಾಳವಾಗಿ. ಉಣ್ಣೆ ಲೆಗ್ಗಿಂಗ್ಸ್ ಮೇಲೆ ಮೊಣಕಾಲುದ್ದದ ಇಳಕಲ್ ಬಟ್ಟೆಯ ಕುರ್ತಾ, ಮೇಲೆ ಚಿಕ್ಕ ಕಾರ್ಡಿಗನ್. ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿ 'ಎಲ್ಲಿ ತಗೊಂಡಿರಿ' ಅಂತ ಕೇಳಿದ್ದು ಇದೇ ವೇಷದಲ್ಲಿದ್ದಾಗ ಮಾತ್ರ.

ಮೇಲಿನ ಕೋಟು ಇಲ್ಲೇ ತಗೊಳ್ಳಿ. ಚಳಿಗಾಲಕ್ಕೂ ಬೇಸಿಗೆಗೂ ನಡುವಿನ ಈ ಕೋಟಿಗೆ 'ಯೂಬರ್‌ಗಾಂಗ್ಸ್‌ಮಾಂಟೆಲ್' ಅಂತ ಬೇರೆ ಹೆಸರೇ ಇದೆ, ಅಂದರೆ ದಾಟುವ ಕಾಲದ ಕೋಟು. ತೆಳ್ಳಗಿರಲಿ, ಗಾಳಿ ತಡೆಯಲಿ, ಸ್ವೆಟರ್ ಮೇಲೆ ಹಾಕಿದರೂ ಭುಜ ಬಿಗಿಯದ ಅಳತೆ ಇರಲಿ. ಪ್ರತಿ ಶನಿವಾರ ನಾಷ್‌ಮಾರ್ಕ್ಟ್ ಅನ್ನುವ ಇಲ್ಲಿನ ದೊಡ್ಡ ಮಾರುಕಟ್ಟೆಯ ಪಕ್ಕ ಹಳೇ ಸಾಮಾನಿನ ಸಂತೆ ನೆರೆಯುತ್ತದೆ. ಅದೃಷ್ಟ ಇದ್ದರೆ ಅಲ್ಲಿ ಹಳೇ ಲೋಡನ್ ಕೋಟು ಸಿಗುತ್ತದೆ. ಲೋಡನ್ ಅಂದರೆ ಆಲ್ಪ್ಸ್ ಬೆಟ್ಟದವರ ಉಣ್ಣೆ ಬಟ್ಟೆ. ನೆಯ್ದು, ನೀರಲ್ಲಿ ಜಜ್ಜಿ ಗಟ್ಟಿ ಮಾಡಿರುತ್ತಾರೆ, ಹನಿ ಮಳೆ ಮೇಲೇ ಜಾರಿ ಹೋಗುತ್ತದೆ. ಮೊದಲ ಸಲ ಅದನ್ನು ಮುಟ್ಟಿದಾಗ ನನಗೆ ನೆನಪಾದದ್ದು ನಮ್ಮ ತೀರ್ಥಹಳ್ಳಿ ಕಡೆ ಅಜ್ಜ ಮಳೆಗಾಲದಲ್ಲಿ ಗದ್ದೆಗೆ ಹೊದ್ದು ಹೋಗುತ್ತಿದ್ದ ಕಂಬಳಿ ಕೊಪ್ಪೆ. ಅದೇ ಒರಟು, ಒದ್ದೆಯಾದರೆ ಅದೇ ಕುರಿ ವಾಸನೆ. ನನ್ನದು ಕಡು ಹಸಿರು, ಬಟನ್ ಎರಡು ಇಲ್ಲ. ಇವತ್ತಿಗೂ ಮಾರ್ಚ್ ಬಂತು ಅಂದರೆ ಅದೇ.

ಬಣ್ಣದ ಬಗ್ಗೆ ಒಂದು ಮಾತು. ಕೋಟು, ಪ್ಯಾಂಟು, ಶೂ ಮಂಕು ಬಣ್ಣದ್ದಿರಲಿ, ಒಂದಕ್ಕೊಂದು ಹೊಂದುತ್ತವೆ. ಒಂದೇ ಒಂದು ಕಡೆ ನಮ್ಮೂರ ಬಣ್ಣ ಸಾಕು. ಅರಿಶಿನ ಹಳದಿ ಶಾಲು, ಇಲ್ಲವೇ ಕುಂಕುಮ ಕೆಂಪು. ಆಕಾಶ ಬೂದಿ ಬಣ್ಣಕ್ಕಿರುವ ದಿನ ಷೋನ್‌ಬ್ರುನ್ ಅರಮನೆ ಮುಂದೆ ಫೋಟೋ ತೆಗೆಸಿಕೊಂಡು ನೋಡಿ, ನಾನು ಹೇಳಿದ್ದು ತಿಳಿಯುತ್ತದೆ. ಈಸ್ಟರ್ ಹತ್ತಿರ ಬಂದಿದ್ದರೆ ಆ ಅಂಗಳದಲ್ಲೇ ಬಣ್ಣ ಬಳಿದ ಮೊಟ್ಟೆಗಳ ಸಂತೆಯೂ ಇರುತ್ತದೆ.

ಶಾಲು ಮಾತ್ರ ಮರೆಯಬೇಡಿ. ದೊಡ್ಡದೇ ಇರಲಿ. ಕುತ್ತಿಗೆಗೂ ಆಯಿತು, ಚರ್ಚ್‌ನಲ್ಲಿ ಭುಜಕ್ಕೂ ಆಯಿತು. ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವ ಟಿಕೆಟ್ ಅಗ್ಗ. ಅಲ್ಲಿ ಜನ ಕಂಬಿಗೆ ಶಾಲು ಕಟ್ಟಿ ತಮ್ಮ ಜಾಗ ಹಿಡಿಯುತ್ತಾರೆ. ನಾವು ಬಸ್ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುವುದನ್ನು ಬಿಟ್ಟು ಇಷ್ಟು ದೂರ ಬಂದೆವಲ್ಲ ಅಂತ ನಗು ಬಂತು.

ಶೂ ಹಳೆಯದೇ ತನ್ನಿ, ಕಾಲಿಗೆ ಪಳಗಿದ್ದು, ಅಡಿ ಗಟ್ಟಿ ಇರುವಂಥದ್ದು. ಹಳೇ ಊರಿನ ಓಣಿಗಳಲ್ಲಿ ಕಲ್ಲು ಹಾಸು, ಹೀಲ್ಸ್ ಆಗುವುದಿಲ್ಲ. ಕಾಲುಚೀಲ ಮಾತ್ರ ಒಳ್ಳೆಯದಿರಲಿ, ಮನೆಗೆ ಕರೆದರೆ ಇಲ್ಲಿಯವರೂ ಬಹಳಷ್ಟು ಜನ ನಮ್ಮ ಹಾಗೆ ಬಾಗಿಲಲ್ಲೇ ಶೂ ಬಿಡುತ್ತಾರೆ. ಕೊಡೆ ಬೇಡ, ಗಾಳಿಗೆ ಮಗುಚುತ್ತದೆ. ತೆಳು ಗ್ಲೌಸ್ ಜೇಬಲ್ಲಿರಲಿ. ಕಾಲೆನ್‌ಬರ್ಗ್ ಗುಡ್ಡಕ್ಕೆ 38ಎ ಬಸ್ಸಲ್ಲಿ ಹೋದರೆ ಬೇಕಾಗುತ್ತದೆ. ಸಂಜೆ ಸೂರ್ಯ ಇಳಿದ ತಕ್ಷಣವೂ ಬೇಕು.

ಕೋಟು ತಗೊಳ್ಳುವಾಗ ಕಾಲರ್ ಒಳಗೆ ಬೆರಳು ಹಾಕಿ ನೋಡಿ. ನೇತುಹಾಕಲು ಒಂದು ಚಿಕ್ಕ ಕುಣಿಕೆ ಇರಬೇಕು. ಇಲ್ಲದಿದ್ದರೆ ಒಂದು ತುಂಡು ರಿಬ್ಬನ್ ಹೊಲಿದುಕೊಳ್ಳಿ. ಒಪೆರಾದಲ್ಲಿ ಕೋಟು ಬಿಟ್ಟು ಹೋಗುವ ಕೌಂಟರ್‌ನಲ್ಲಿ ಕುಣಿಕೆ ಇಲ್ಲದ ಕೋಟು ಕೊಟ್ಟಾಗ, ಅಲ್ಲಿದ್ದ ಅಜ್ಜಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.