ಹಳೆಯ ಧಾರಾವಾಹಿ ಮತ್ತೆ ಬರಲು ಎಷ್ಟು ಸಹಿ ಬೇಕು?

ಸಹಿ ಸಂಗ್ರಹವನ್ನು ಇವತ್ತೇ ನಿಲ್ಲಿಸಿ. ಐವತ್ತು ಸಾವಿರವಾದರೆ ವಾಹಿನಿಯವರು ಮಣಿಯುತ್ತಾರೆಯೇ ಎಂದು ಕೇಳಿದ್ದೀರಿ. ನಾನೂ ಒಮ್ಮೆ ಇದೇ ಲೆಕ್ಕದಲ್ಲಿ ಮುಳುಗಿದ್ದೆ.

ಆಗ ನಾನು ಒಂದು ನಿರ್ಮಾಣ ಸಂಸ್ಥೆಯ ಕಥಾ ವಿಭಾಗದಲ್ಲಿದ್ದೆ. ಚಿಕ್ಕಂದಿನಲ್ಲಿ ಒಂದು ಕಂತೂ ತಪ್ಪಿಸದೆ ನೋಡಿದ್ದ ಧಾರಾವಾಹಿಯನ್ನು ಮುಂದುವರಿಸಲೇಬೇಕೆಂದು ಹಟ ಹಿಡಿದೆ. ಮೂಲ ಲೇಖಕರನ್ನು, ನಾಯಕ ನಾಯಕಿಯರನ್ನು ಒಪ್ಪಿಸಿದೆ, ನಾಲ್ಕು ಕಂತುಗಳ ಚಿತ್ರಕಥೆಯನ್ನೂ ಬರೆದೆ. ವಾಹಿನಿಯ ಕಾರ್ಯಕ್ರಮ ಮುಖ್ಯಸ್ಥೆ ಕಡತದ ಮೊದಲ ಪುಟವನ್ನೂ ತಿರುಗಿಸಲಿಲ್ಲ. "ಹಕ್ಕು ಯಾರದು?" ಎಂದರು. "ಲೇಖಕರೇ ನಮ್ಮ ಜೊತೆಗಿದ್ದಾರೆ" ಎಂದೆ. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

ನಾನು ಎಡವಿದ್ದು ಅಲ್ಲಿ. ಬರೆದವರೇ ಒಡೆಯರು ಎಂದು ನಂಬಿದ್ದೆ. ಆದರೆ ಹಳೆಯ ಕರಾರಿನಂತೆ ಹೆಸರು, ಪಾತ್ರಗಳು, ಕಥೆ ಎಲ್ಲವೂ ನಿರ್ಮಾಪಕರ ಸೊತ್ತು. ಆ ಸಂಸ್ಥೆ ಮುಚ್ಚಿಹೋಗಿತ್ತು. ಇಬ್ಬರು ಪಾಲುದಾರರಲ್ಲಿ ಒಬ್ಬರು ತೀರಿಕೊಂಡು, ಅವರ ಪಾಲು ಒಬ್ಬರೊಡನೊಬ್ಬರು ಮಾತು ಬಿಟ್ಟಿದ್ದ ಮೂವರು ಮಕ್ಕಳಿಗೆ ಹೋಗಿತ್ತು. ಶೀರ್ಷಿಕೆ ಗೀತೆ ಇನ್ನೊಬ್ಬರ ಕೈಯಲ್ಲಿತ್ತು. ಹಳೆಯ ಕಂತುಗಳನ್ನು ಮರುಪ್ರಸಾರ ಮಾಡುವ ಹಕ್ಕೇ ಬೇರೆ, ಅದೇ ಪಾತ್ರಗಳಿಂದ ಹೊಸ ಕಂತು ಮಾಡುವ ಹಕ್ಕೇ ಬೇರೆ ಎಂಬುದೂ ನನಗೆ ತಿಳಿದಿರಲಿಲ್ಲ. ಮೊದಲ ವಾರವೇ ಆ ಕರಾರನ್ನು ತರಿಸಿ ಓದಿದ್ದರೆ ಸಾಕಿತ್ತು. ಓದಿದ್ದು ಹದಿನಾಲ್ಕು ತಿಂಗಳ ನಂತರ. ಅಷ್ಟರಲ್ಲಿ ನಾಯಕಿ ಬೇರೆ ಕಡೆ ಕಾಲ್‌ಶೀಟ್ ಕೊಟ್ಟಾಗಿತ್ತು.

ಅಭಿಮಾನಿಗಳಿಂದಲೇ ಮರಳಿ ಬಂತೆಂದು ಎಲ್ಲರೂ ಹೇಳುವ ಅಮೆರಿಕದ ಧಾರಾವಾಹಿ 'ವೆರೋನಿಕಾ ಮಾರ್ಸ್' ನೋಡಿ. 2013ರಲ್ಲಿ ಅದರ ಚಲನಚಿತ್ರಕ್ಕೆ ಜನ 57 ಲಕ್ಷ ಡಾಲರ್ ಕೊಟ್ಟದ್ದು ನಿಜ, ಆದರೆ ಹಕ್ಕು ಹೊಂದಿದ್ದ ವಾರ್ನರ್ ಬ್ರದರ್ಸ್ ಸಂಸ್ಥೆ ಒಪ್ಪಿದ ಮೇಲೆಯೇ ಆ ಸಂಗ್ರಹ ಶುರುವಾಯಿತು. 2018ರಲ್ಲಿ ನಾಯಕಿಯ ಒಂದು ಟ್ವೀಟಿನಿಂದ ಅಲ್ಲಿನ ಎಬಿಸಿ ವಾಹಿನಿ 'ರೋಸಾನ್' ಧಾರಾವಾಹಿಯನ್ನು ರದ್ದು ಮಾಡಿತು. ಅದೇ ಕುಟುಂಬದ ಕಥೆ ಅಕ್ಟೋಬರಿನಲ್ಲಿ 'ದಿ ಕಾನರ್ಸ್' ಆಗಿ ಬಂದದ್ದು, ಆಕೆ ಹಣದ ಪಾಲನ್ನೂ ಕಥೆಯ ಮೇಲಿನ ಮಾತನ್ನೂ ಬಿಟ್ಟುಕೊಟ್ಟದ್ದರಿಂದ.

ವಾಹಿನಿಯ ಅಧಿಕಾರಿಗಳಿಗೆ ಹಳೆಯ ಧಾರಾವಾಹಿಗಳ ಮೇಲೆ ಪ್ರೀತಿಯಿಲ್ಲ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಪರಿಚಿತ ಹೆಸರು ಅವರಿಗೂ ಬೇಕು, ಹೊಸ ಹೆಸರನ್ನು ಜನರಿಗೆ ಮುಟ್ಟಿಸುವ ಖರ್ಚು ಉಳಿಯುತ್ತದೆ. ಹಳೆಯ ಕಂತುಗಳನ್ನು ಈಗಲೂ ಜನ ನೋಡುತ್ತಿದ್ದಾರೆಯೇ, ನಟರು ಸಿಗುತ್ತಾರೆಯೇ ಎಂದೂ ಕೇಳುತ್ತಾರೆ. ಆದರೆ ಅದೆಲ್ಲ ಆಮೇಲೆ.

ಕೊನೆಯ ಕಂತಿನ ಕೊನೆಯಲ್ಲಿ ಸರಸರನೆ ಓಡುವ ಹೆಸರುಗಳನ್ನು ನಿಲ್ಲಿಸಿ ನೋಡಿ. ಹಕ್ಕುಸ್ವಾಮ್ಯದ ಸಾಲಿನಲ್ಲಿ ಯಾರ ಹೆಸರಿದೆಯೋ ಅವರಿಗೆ ಮೊದಲ ಪತ್ರ ಬರೆಯಿರಿ.